ಬಾರದ ವಿಮಾನಕ್ಕೆ ಖಾಲಿ ಮಾಡಿಸಿದ ಜಾಗ

1971ರಲ್ಲಿ ನಾನು ಮುಂಬಯಿ ವಿಮಾನ ನಿಲ್ದಾಣದ ಸಿವಿಲ್ ಕೆಲಸ ಹಿಡಿದಿದ್ದ ಒಂದು ಖಾಸಗಿ ಕಂಪನಿಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿದ್ದೆ. ಊರು ಧಾರವಾಡ, ವಾಸ ಮಾಟುಂಗ, ವಯಸ್ಸು ಇಪ್ಪತ್ತೆಂಟು. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರುವ ಸೂಪರ್‌ಸಾನಿಕ್ ವಿಮಾನ ಇನ್ನೇನು ಮುಂಬಯಿಗೂ ಬಂದೇಬಿಡುತ್ತದೆ ಎಂದು ಆಗ ನಮ್ಮ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಅದನ್ನು ನಿಲ್ಲಿಸಲು ದೊಡ್ಡದೊಂದು ಕಾಂಕ್ರೀಟ್ ಅಂಗಳ ಬೇಕು. ನಾವದನ್ನು ಏಪ್ರನ್ ಅನ್ನುತ್ತೇವೆ. ಅದರ ನಕ್ಷೆ ನನ್ನ ಪಾಲಿಗೆ ಬಂತು. ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನುತ್ತಾರಲ್ಲ, ಆ ಕುಲಾವಿ ಹೊಲಿದವನು ನಾನೇ.

ನಕ್ಷೆಯ ಒಂದು ಮೂಲೆಯಲ್ಲಿ ನಲವತ್ತೊಂದು ಜೋಪಡಿಗಳಿದ್ದವು. ಅಲ್ಲಿದ್ದವರು ಗುಲ್ಬರ್ಗಾ, ವಿಜಾಪುರ ಕಡೆಯ ಕೂಲಿಕಾರರು. ರನ್‌ವೇ ದುರಸ್ತಿಗೆ ಜಲ್ಲಿ ಹೊರುತ್ತಿದ್ದವರು. ಜಾಗ ಬಿಡಬೇಕೆಂದು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ನೋಟಿಸ್ ಅಂಟಿಸಿದೆವು. ಒಬ್ಬರೂ ಕದಲಲಿಲ್ಲ. ಮುಖ್ಯ ಇಂಜಿನಿಯರ್ ನನ್ನನ್ನು ಕರೆದು, "ನಿಮ್ಮ ಭಾಷೆಯ ಜನ. ನೀವೇ ಹೋಗಿ ಒಪ್ಪಿಸಿ," ಎಂದರು.

ನೋಟಿಸಿನ ಕೊನೆಯಲ್ಲಿ, ಬದಲಿ ಜಾಗದ ಬೇಡಿಕೆಯನ್ನು 'ಪರಿಶೀಲಿಸಲಾಗುವುದು' ಎಂದಿತ್ತು. ಪರಿಶೀಲಿಸುವುದು ಎಂದರೆ ಫೈಲನ್ನು ಕಪಾಟಿಗೆ ಸೇರಿಸುವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜೋಪಡಿಯವರ ಪರವಾಗಿ ಮುಂದೆ ಬಂದವಳು ಮಲ್ಲವ್ವ ಎಂಬ ಗಟ್ಟಿ ಹೆಂಗಸು. ನನ್ನ ಮಾತಿನ ಧಾಟಿ ಕಿವಿಗೆ ಬೀಳುತ್ತಲೇ ಆಕೆಯ ಮುಖ ಅರಳಿತು.

"ಅಯ್ಯ, ನಮ್ಮ ಕಡೇವ್ರೇನ್ರಿ! ಕುಂಡ್ರಿ, ಚಾ ಮಾಡ್ತೀನಿ. ಕಾಗದದಾಗ ಏನ್ ಬರದಾರ್ರಿ ಸಾಹೇಬ್ರ? ಬ್ಯಾರೆ ಕಡೆ ಜಾಗಾ ಕೊಡ್ತಾರೋ ಇಲ್ಲೋ?"

"ಕೊಡ್ತಾರವಾ," ಎಂದೆ. "ಮಳಿಗಾಲಕ್ಕಿಂತ ಮೊದಲಽ ಕೊಡ್ತಾರ."

ಥೂ, ನನ್ನ ನಾಲಗೆಗಿಷ್ಟು! ಅವಳ ಚಹಾ ಕುಡಿದೇ ಎದ್ದು ಬಂದೆ. ಎಂಟು ದಿನದಲ್ಲಿ ಜಾಗ ಖಾಲಿಯಾಯಿತು, ಪೊಲೀಸರೂ ಬೇಕಾಗಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹಿಗ್ಗಿದೆ.

ವಿಮಾನ ಬರಲಿಲ್ಲ. ಆ ವೇಗದಲ್ಲಿ ಊರುಗಳ ಮೇಲೆ ಹಾರಿದರೆ ಕೆಳಗಿನವರಿಗೆ ಗುಡುಗು ಬಡಿದಂಥ ಸದ್ದು ಕೇಳುತ್ತದೆ. ಸಾನಿಕ್ ಬೂಮ್ ಅಂದರೆ ಇದೇ. ನಮ್ಮ ಮೇಲೆ ಬೇಡವೆಂದು ಹಲವು ದೇಶಗಳು ತಡೆದವು. 1973ರ ನಂತರ ತೈಲದ ಬೆಲೆ ಏರಿತು. ಆ ವಿಮಾನದ ಹೊಟ್ಟೆ ತುಂಬಿಸುವ ತಾಕತ್ತು ಹೆಚ್ಚಿನವರಿಗೆ ಉಳಿಯಲಿಲ್ಲ. ಏಪ್ರನ್ ಯೋಜನೆ ರದ್ದಾಗಿ, ತೆರವು ಮಾಡಿದ ಜಾಗದಲ್ಲಿ ಆಳೆತ್ತರ ಹುಲ್ಲು ಬೆಳೆಯಿತು. ಬದಲಿ ಜಾಗದ ಅರ್ಜಿ ಏನಾಯಿತೆಂದು ನಾನು ಯಾರನ್ನೂ ಕೇಳಲಿಲ್ಲ.

1976ರಲ್ಲಿ ಸಯನ್‌ನ ಒಂದು ಬಿಲ್ಡಿಂಗ್ ಕೆಲಸದಲ್ಲಿ ಮಲ್ಲವ್ವ ಬುಟ್ಟಿ ಹೊತ್ತು ಎದುರಿಗೇ ಬಂದಳು. ಈಗ ಘಾಟ್ಕೋಪರ್ ಗುಡ್ಡದ ಬುಡದಲ್ಲಿ ತಗಡಿನ ಕೆಳಗೆ ಇದ್ದಳಂತೆ. ಐದು ವರ್ಷದಲ್ಲಿ ಮೂರು ಸಲ ಎಬ್ಬಿಸಿದ್ದರಂತೆ. ನನಗೆ ತಡೆಯಲಾಗಲಿಲ್ಲ.

"ಮಲ್ಲವ್ವಾ, ಆ ಕಾಗದದಾಗ ಜಾಗಾ ಕೊಡ್ತೀವಿ ಅಂತ ಇರಲಿಲ್ಲ. ನಾನಽ ಸುಳ್ಳು ಹೇಳಿದ್ದೆ."

ಅವಳು ಬುಟ್ಟಿ ಇಳಿಸಿದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತೈತ್ರಿ. ನನ್ನ ಮಗಳು ಮರಾಠಿ ಸಾಲಿಗಿ ಹೋಗ್ತಿದ್ಲು. ನೋಟೀಸ ಓದಿ, 'ಯವ್ವಾ, ಹಂಗ ಬರದಿಲ್ಲ, ಅಂವ ಸುಳ್ಳು ಹೇಳ್ಯಾನ' ಅಂದ್ಲು. ನಮ್ಮವ್ರು ನಮಗ ಸುಳ್ಳು ಹೇಳ್ತಾರೇನ ಅಂತ ಆಕಿ ಕಪಾಳಕ್ಕ ಹೊಡದೆ."

ಆ ಏಟು ಬೀಳಬೇಕಾದದ್ದು ನನಗೆ. ಅಂದಿನಿಂದ ನಿವೃತ್ತನಾಗುವವರೆಗೆ ಯಾವ ನೋಟಿಸನ್ನೂ ನಾನು ಬರೀ ಬಾಯಿಮಾತಿನಲ್ಲಿ ತಿಳಿಸಲಿಲ್ಲ. ನಮ್ಮ ಕಡೆಯವರಿದ್ದಲ್ಲಿ ಕನ್ನಡದಲ್ಲೇ ಇದ್ದದ್ದು ಇದ್ದಂತೆ ಬರೆಸಿ, ಆ ಜೋಪಡಿಗಳಲ್ಲಿ ಓದು ಬಲ್ಲ ಮಕ್ಕಳಿದ್ದರೆ ಅವರಿಂದಲೇ ಎಲ್ಲರೆದುರು ಗಟ್ಟಿಯಾಗಿ ಓದಿಸುತ್ತಿದ್ದೆ. ನಿಜ ಓದಿದ್ದಕ್ಕೆ ಇನ್ನೊಂದು ಮಗು ಏಟು ತಿನ್ನಬಾರದು.