ಹುಳಕಡ್ಡಿ ಅಂತ ಹೇಳಿ ಹೋದದ್ದು

ತುರ್ವಿಹಾಳದ ಗದ್ದೆಪ್ಪ ಭತ್ತದ ನಾಟಿಯಲ್ಲಿ ಸಸಿಕಟ್ಟು ಹೊರುವ ಆಳು. ಬಾಯಿ ತುಂಬ ಚೇಷ್ಟೆ. ಕೆಸರಲ್ಲಿ ಜಾರಿ ಬಿದ್ದರೂ ಭೂಮಿತಾಯಿಗೆ ಅಡ್ಡಬಿದ್ದೆ ಅನ್ನುವವನು. ತೊಂಬತ್ತೊಂದನೇ ಇಸವಿಯಲ್ಲಿ ಅವನ ಎಡಗೈ ಮೇಲೆ ರೂಪಾಯಿ ಬಿಲ್ಲೆಯಷ್ಟು ಮಾಸಲು ಮಚ್ಚೆ ಎದ್ದಿತು. ತುರಿಕೆ ಇಲ್ಲ, ನೋವು ಇಲ್ಲ. ಹುಳಕಡ್ಡಿ ಇರಬೇಕು ಅಂತ ಹೆಂಡತಿ ಯಮನೂರಮ್ಮ ಸುಮ್ಮನಿದ್ದಳು.

ಒಂದು ಮುಂಜಾನೆ ಒಲೆಯಲ್ಲಿ ಬೀಡಿ ಹಚ್ಚಿಕೊಳ್ಳುವಾಗ ಕೆಂಡದ ಚೂರು ಆ ಮಚ್ಚೆಯ ಮೇಲೆ ಬಿತ್ತು. ಅವನು ಮಾತಾಡುತ್ತಲೇ ಇದ್ದ. ಕೂದಲು ಸುಟ್ಟ ವಾಸನೆ ಬಂದು ಅವಳೇ ಕೆಂಡ ಕೊಡವಿದಳು. ಸುಟ್ಟರೂ ಉರಿ ಗೊತ್ತಾಗದ ಮೈ ಯಾವ ರೋಗದ್ದು ಅಂತ ಅವಳಿಗೆ ಹೊಳೆಯಿತು.

ದೊಡ್ಡ ರೋಗದ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆ ಮುದುಕಮ್ಮ ತನ್ನ ಮೈದುನನಿಗೆ ಅದು ಬಂದಾಗ ಅವನನ್ನು ಹೊಲದ ಗುಡಿಸಲಿಗೆ ಹಾಕಿಸಿದ್ದಳು. ರೊಟ್ಟಿಯನ್ನು ದೂರದಿಂದ ಎಸೆದು ಬರುತ್ತಿದ್ದಳು. ಅವನು ಅಲ್ಲೇ ಸತ್ತ. ಮಗನನ್ನೂ ಬಿಡುವವಳಲ್ಲ ಅಂತ ಯಮನೂರಮ್ಮನಿಗೆ ಗೊತ್ತಿತ್ತು.

ಹುಳಕಡ್ಡಿಗೆ ಮುಲಾಮು ತರುತ್ತೇವೆ ಅಂತ ಹೇಳಿ ಗಂಡ ಹೆಂಡತಿ ಸಿಂಧನೂರಿನ ಬಸ್ಸು ಹತ್ತಿದರು. ಚರ್ಮದ ಡಾಕ್ಟರು ಮೈ ಮುಟ್ಟಿ ನೋಡುತ್ತಾನೆ, ಮುಟ್ಟಿದ್ದು ರೋಗಿಗೆ ಗೊತ್ತಾಗದಿದ್ದರೆ ಅದೇ ರೋಗ ಅಂತ ಬರೆಯುತ್ತಾನೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ಬಸ್ಸಿನಲ್ಲೇ ಗಂಡನ ಕಿವಿಯಲ್ಲಿ ಹೇಳಿದಳು.

"ಅವ ಮುಟ್ಟಿದಾಗ ನಾ ಕೆಮ್ಮತೀನಿ. ನೀ ಹೂಂ ಅನ್ನು."

ದವಾಖಾನೆಯ ಬೆಂಚಿನ ಮೇಲೆ ಮೊಡವೆ ಮುಖದ ಮದುವೆ ಹೆಣ್ಣೊಂದು ಕೂತಿತ್ತು. ಲಗ್ನದೊಳಗೆ ಮಗಳು ಬೆಳ್ಳಗಾಗಬೇಕು ಅಂತ ಅವಳ ತಾಯಿ ಕಂಪೌಂಡರನಿಗೆ ದುಂಬಾಲು ಬಿದ್ದಿದ್ದಳು. ಕತ್ತಿನ ನರೂಲಿ ಸುಡಿಸಿಕೊಂಡ ಮುದುಕನೊಬ್ಬ ಹೊರಗೆ ಬಂದ.

"ಯಕ್ಕಾ, ಆ ಬೆಳ್ಳಗಾಗೋ ಡಬ್ಬಿ ನನಗೂ ಒಂದು ಕೊಡಸು," ಅಂದ ಗದ್ದೆಪ್ಪ. ತಾಯಿ ಮಗಳು ನಕ್ಕರು.

ಡಾಕ್ಟರು ಗದ್ದೆಪ್ಪನ ಕಣ್ಣು ಮುಚ್ಚಿಸಿ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನು ಅಂದ. ಹತ್ತಿಯ ಎಳೆ ತಗೊಂಡು ಮಚ್ಚೆ ಮುಟ್ಟಿದ. ಹಿಂದೆ ನಿಂತ ಅವಳು ಕೆಮ್ಮಿದಳು. ಗದ್ದೆಪ್ಪ ಹೂಂ ಅಂದ. ಡಾಕ್ಟರು ಮತ್ತೆ ಮುಟ್ಟಿದ, ಮತ್ತೆ ಕೆಮ್ಮು, ಮತ್ತೆ ಹೂಂ. ಡಾಕ್ಟರ ಕೈ ಇನ್ನೊಮ್ಮೆ ಕೆಳಗೆ ಬಂತು, ಆದರೆ ಚರ್ಮಕ್ಕೆ ತಾಗದೆ ಮೇಲೆಯೇ ನಿಂತಿತು. ಅಂಜಿಕೆಯಲ್ಲಿ ಅವಳಿಗೆ ಅದು ಕಾಣಲಿಲ್ಲ. ಕೆಮ್ಮಿದಳು. ಗಂಡ ಹೂಂ ಅಂದ.

ಡಾಕ್ಟರು ಹತ್ತಿ ಕೆಳಗಿಟ್ಟ.

"ಅಮ್ಮಾ, ನಾ ಈಗ ಮುಟ್ಟೇ ಇಲ್ಲ. ನಾಳೆ ಇವನ ಬೆರಳು ಸೊಟ್ಟಾಗಿ ಬಿದ್ದರ ನಿನ್ನ ಕೆಮ್ಮು ಅನ್ನ ಕಲಸಿ ಉಣಸ್ತದೇನು?"

ಅವಳು ಡಾಕ್ಟರ ಕಾಲು ಹಿಡಿಯಲು ಬಾಗಿದಳು. ಆಮೇಲೆ ಡಾಕ್ಟರು ಮೆತ್ತಗೆ ಹೇಳಿದ. ಇದು ವಾಸಿ ಆಗುವ ರೋಗ, ಆರು ತಿಂಗಳು ತಪ್ಪದೆ ಗುಳಿಗೆ ತಿನ್ನಬೇಕು, ಯಾರನ್ನೂ ಹೊರಗೆ ಹಾಕುವ ಕಾರಣ ಇಲ್ಲ. ಸರ್ಕಾರಿ ದವಾಖಾನೆಗೆ ಚೀಟಿ ಬರೆದುಕೊಟ್ಟ. ಒಂದೇ ಮಾತು ಅವಳ ಎದೆ ಒಡೆಯಿತು. ಮನೆಯವರೆಲ್ಲರ ಮೈ ನೋಡಬೇಕು, ಎಲ್ಲರನ್ನೂ ಕರಕೊಂಡು ಬಾ ಅಂದಿದ್ದ.

ಅಂದರೆ ಅತ್ತೆಗೆ ಹೇಳಬೇಕು.

ವಾಪಸು ಬರುವಾಗ ಗದ್ದೆಪ್ಪ ಒಂದೂ ಚೇಷ್ಟೆ ಮಾಡಲಿಲ್ಲ. ಊರು ಬಂದರೂ ಮನೆಗೆ ಬರದೆ ಕಾಲುವೆ ಏರಿಯ ಮೇಲೆ ಕೂತ. ಅವಳೊಬ್ಬಳೇ ಹೋದಳು. ಮುದುಕಮ್ಮ ಅಂಗಳದಲ್ಲಿ ನುಚ್ಚು ಕೇರುತ್ತಿದ್ದಳು. ಸೊಸೆ ನಿಂತುಕೊಂಡೇ ಎಲ್ಲ ಹೇಳಿದಳು. ಕುಷ್ಠ ಅಂತ ಹೆಸರನ್ನೂ ಹೇಳಿದಳು. ಅವನನ್ನು ಹೊರಗೆ ಹಾಕಿದರೆ ತಾನೂ ಗುಡಿಸಲಿಗೆ ಹೋಗುತ್ತೇನೆ ಅಂದಳು.

ಮೊರ ನಿಂತಿತು. ಮುದುಕಮ್ಮ ಎದ್ದು ಹೋಗಿ ಬಾಗಿಲ ಅಗಳಿ ಹಾಕಿದಳು. ಇನ್ನು ಬಡಿಯುತ್ತಾಳೆ ಅಂತ ಯಮನೂರಮ್ಮ ಗೋಡೆಗೆ ಅಂಟಿದಳು. ಮುದುಕಿ ಸೆರಗು ಇಳಿಸಿ, ಕುಪ್ಪಸದ ಗಂಟು ಬಿಚ್ಚಿ, ಬೆನ್ನು ತಿರುಗಿಸಿದಳು. ಹೆಗಲ ಕೆಳಗೆ ಅಂಗೈ ಅಗಲದ ಮಾಸಲು ಮಚ್ಚೆ ಇತ್ತು.

"ಏಳು ವರ್ಷಾತು, ಯಮನೂರಿ," ಅಂದಳು. "ಮುದುಕೇರಿಗೂ ಗುಳಿಗಿ ಕೊಡ್ತಾರೇನು ಬೇ?"