ಅಣ್ಣನಂತೆ ತಡವರಿಸುವ ಫೋನುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊಟದ ಮೇಜಿನ ಮೇಲೆ ಸಾಲಾಗಿ ಮಲಗಿಸಿದ ಹಳೆಯ ಫೋನುಗಳಲ್ಲಿ ಅಕ್ಷರಗಳು ತಾವಾಗಿಯೇ ಮೂಡುತ್ತಿವೆ. ಯಾರೂ ಮುಟ್ಟುತ್ತಿಲ್ಲ! ಒಂದು ಫೋನು 'ಮುಂದಿನ ಬಸ್ಸು' ಎಂದು ಬರೆದು ನಿಲ್ಲುತ್ತದೆ, ತಪ್ಪು ಅಕ್ಷರ ಒತ್ತುತ್ತದೆ, ಅಳಿಸಿ ಮತ್ತೆ ಒತ್ತುತ್ತದೆ. ಈ ಕೆಲಸದ ಬಗ್ಗೆ ಬರೆಯಲು ಬಂದು ಮೊದಲ ಸಲ ನೋಡುವ ನನಗೆ ಮೈ ಜುಮ್ಮೆನ್ನುತ್ತದೆ. ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತ ಟೈಪಕ್ಕನಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ.

ಟೈಪಕ್ಕ ಎಂಬುದು ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟ ಹೆಸರು. ಮೊಬೈಲ್ ಆಪ್‌ಗಳು ಜನರ ಕೈ ಸೇರುವ ಮುನ್ನ ಅವನ್ನು ಪರೀಕ್ಷಿಸುವುದು ಇವರ ಕೆಲಸ. ಅದೂ ಕೈಯಿಂದಲ್ಲ, ಬಳಸುವವರ ಹಾಗೆ ತಾನೇ ಟೈಪ್ ಮಾಡಿ ಗುಂಡಿ ಒತ್ತುವ ಪ್ರೋಗ್ರಾಂ ಬರೆದು. ಆಪ್ ಗೆದ್ದರೆ ಮಾಡಿದವರಿಗೆ ಶಹಬ್ಬಾಸ್, ಕೈಕೊಟ್ಟರೆ ಎಲ್ಲರೂ ತಿರುಗಿ ನೋಡುವುದು ಟೈಪಕ್ಕನ ಕಡೆಗೆ.

ಇಂದು ಹೊರಬೀಳಲಿರುವ ಆಪ್, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕಾಗಿ ಕಾದಿರುವವರೊಬ್ಬರು ಇದೇ ಮನೆಯಲ್ಲಿದ್ದಾರೆ, ಟೈಪಕ್ಕನ ಅಣ್ಣ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಇಡೀ ನಿಲ್ದಾಣಕ್ಕೆ ಕೇಳುವಂತೆ ಮಾತಾಡುತ್ತಿದ್ದವರು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಆ ದನಿ ಹೋಯಿತು. ಇವತ್ತೊಂದು ದಿನ ಕಿಟಕಿಯಲ್ಲಿ ಕೂರಲಿ, ಜನರಿಗೆ ಉತ್ತರಿಸಲಾಗದಿದ್ದರೆ ಪಾರ್ಸಲ್ ಕೋಣೆಗೆ ಹೋಗಲಿ ಎಂದಿದ್ದಾರೆ ಮೇಲಧಿಕಾರಿ. ಜನರ ಗದ್ದಲದಲ್ಲೇ ಬದುಕಿದ ಮನುಷ್ಯ ರಟ್ಟಿನ ಡಬ್ಬಗಳ ಜೊತೆ ಏನು ಮಾಡಬೇಕು, ನೀವೇ ಹೇಳಿ.

ಮೊನ್ನೆಯೇ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಟೈಪಕ್ಕ ಕುಣಿಯುತ್ತ ಬಂದು ಆಪನ್ನು ಅಣ್ಣನ ಸಣ್ಣ ಫೋನಿಗೆ ಹಾಕಿಕೊಟ್ಟರು. ಅಣ್ಣ ಟೈಪ್ ಮಾಡಿ ತಂಗಿಯ ಮುಖ ನೋಡಿದರು. 'ಮಾತಾಡು' ಎಂಬ ಗುಂಡಿಯೇ ಇಲ್ಲ! ಪರದೆಯ ಅರ್ಧ ತುಂಬಿದ್ದ ಕೀಲಿಮಣೆ ಅದನ್ನು ಮುಚ್ಚಿಕೊಂಡು ಕೂತಿತ್ತು.

"ಟೈಪ್ ಆದ ಕೂಡ್ಲೇ ಕೀಲಿಮಣೆ ಮಡಚು ಅಂತ ಪರೀಕ್ಷೆಯ ಪ್ರೋಗ್ರಾಂನಲ್ಲಿ ಒಂದು ಸಾಲು ಬರೀತೀವಿ. ನಮ್ಮೋರಿಗೆಲ್ಲ ಅದು ಕೈಗೆ ಬಂದ ಅಭ್ಯಾಸ," ಎಂದು ಟೈಪಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಆದ್ರೆ ಮನುಷ್ಯರು ಯಾರ್ ರೀ ಮಡಚ್ತಾರೆ? ನನ್ನ ಯಂತ್ರ ನನ್ನ ಥರಾನೇ ಜಾಣತನ ಮಾಡಿ ಮಡಚ್ತಿತ್ತು, ಅದಕ್ಕೆ ಗುಂಡಿ ಕಾಣ್ತಿತ್ತು."

ಆ ಸಾಲನ್ನು ಅವರು ಕಿತ್ತು ಹಾಕಿದ್ದಾರೆ. ಅಣ್ಣನ ಪಕ್ಕದಲ್ಲಿ ಕೂತು ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡಿ ಯಂತ್ರಕ್ಕೂ ಹಾಗೇ ತಡವರಿಸಲು ಕಲಿಸಿದ್ದಾರೆ. ಆಪ್ ಬರೆದ ಹುಡುಗಿ ಗುಂಡಿಯನ್ನು ಕೀಲಿಮಣೆಯ ಮೇಲಕ್ಕೆ ತಂದಿದ್ದಾಳೆ. ಈಗ ಪರೀಕ್ಷೆಗೆ ಉಳಿದಿರುವುದು ಮೇಜಿನ ಮೇಲಿನ ಕೊನೆಯ, ಎಲ್ಲಕ್ಕಿಂತ ಸಣ್ಣ ಫೋನು.

ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ. ಸಣ್ಣ ಫೋನು ಬರೆಯುತ್ತದೆ, ಅಳಿಸುತ್ತದೆ, ಬರೆಯುತ್ತದೆ. ಆಮೇಲೆ ಗಂಟಲು ಬಿಚ್ಚಿ ಮಾತಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಹಸಿರು, ಅಂದರೆ ಪಾಸು! ನನಗೇ ಚಪ್ಪಾಳೆ ತಟ್ಟುವಷ್ಟು ಖುಷಿಯಾಗುತ್ತದೆ, ತಟ್ಟಿಯೂ ಬಿಡುತ್ತೇನೆ.

ನಿಲ್ದಾಣದ ವಿಚಾರಣೆ ಕಿಟಕಿಯ ಮುಂದೆ ಆಗಲೇ ಉದ್ದನೆಯ ಸಾಲು. ನಾನೂ ಟೈಪಕ್ಕನೂ ಬಾಲದಲ್ಲಿ ನಿಂತಿದ್ದೇವೆ. ಮೇಲಧಿಕಾರಿ ಪಕ್ಕದ ಬಾಗಿಲಿಗೆ ಒರಗಿ ನೋಡುತ್ತಿದ್ದಾರೆ. ಸೂಟ್‌ಕೇಸಿನ ಮನುಷ್ಯನೊಬ್ಬ ಎಲ್ಲರನ್ನೂ ತಳ್ಳಿ ಮುಂದೆ ನುಗ್ಗಿ ಏನೋ ಕೇಳುತ್ತಾನೆ. ಅಣ್ಣನ ಬೆರಳು ಚಲಿಸುತ್ತದೆ, ನಿಲ್ಲುತ್ತದೆ, ಅಳಿಸುತ್ತದೆ. ಟೈಪಕ್ಕ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ.

"ಸ್ವಾಮಿ, ಬಸ್ಸು ಎಲ್ಲೂ ಓಡಿಹೋಗಲ್ಲ. ಮೊದಲು ಸಾಲಲ್ಲಿ ಬನ್ನಿ," ಎನ್ನುತ್ತದೆ ಫೋನು, ಇಡೀ ನಿಲ್ದಾಣಕ್ಕೆ ಕೇಳುವಂತೆ.

ಸಾಲಿಗೆ ಸಾಲೇ ನಗುತ್ತದೆ. ಸೂಟ್‌ಕೇಸು ಬಂದು ನಮ್ಮ ಹಿಂದೆ ನಿಲ್ಲುತ್ತದೆ. ಮೇಲಧಿಕಾರಿಯೂ ನಗುತ್ತ, ಪಾರ್ಸಲ್ ಕೋಣೆಗೆ ಬೇರೆ ಯಾರನ್ನಾದರೂ ನೋಡಬೇಕು ಎಂದು ಒಳಗೆ ಹೋಗುತ್ತಾರೆ.

ಇದನ್ನೂ ನೀವೇ ಫೋನಿಗೆ ಕಲಿಸಿದ್ದಾ ಎಂದು ನಾನು ಕೇಳುತ್ತೇನೆ. ಟೈಪಕ್ಕ ಕಣ್ಣೊರೆಸಿಕೊಳ್ಳುತ್ತಾರೆ.

"ಇಲ್ಲ ಕಣ್ರೀ. ಇದು ನನ್ನ ಯಾವ ಪರೀಕ್ಷೇಲೂ ಇರಲಿಲ್ಲ. ಇದು ನಮ್ಮಣ್ಣನ ಮಾತು."