ನಾಟಕದ ದೆವ್ವ ಅವ್ವನಿಗೆ ಹೇಳಿದ ಮಾತು

ಮೂವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಂಡ್ಯದಲ್ಲಿ ಹೈಸ್ಕೂಲಿನ ಕಡೇ ವರ್ಷದಲ್ಲಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಎಲಿಜಬೆತ್ ರಾಣಿಯ ಕಾಲದ ನಾಟಕಗಳೆಂದರೆ ಪ್ರಾಣ. ದೊಡ್ಡ ಮನುಷ್ಯನೊಬ್ಬ ಆಸೆಗೆ ಬಿದ್ದು ಕೊಲೆ ಮಾಡುವುದು, ಸತ್ತವನು ದೆವ್ವವಾಗಿ ಎದುರು ನಿಲ್ಲುವುದು, ಅಲ್ಲಿಂದ ಇವನು ಹಾಳಾಗುತ್ತಾ ಹೋಗುವುದು, ಇದನ್ನೆಲ್ಲ ಪಾಠ ಮಾಡುವಾಗ ಅವರ ಕಣ್ಣು ತುಂಬುತ್ತಿತ್ತು. ಅದೇ ಧಾಟಿಯಲ್ಲಿ ತಾವೇ ಒಂದು ಕನ್ನಡ ನಾಟಕ ಬರೆದು ನಮ್ಮಿಂದ ಆಡಿಸಲು ಹೊರಟರು. ಪಟ್ಟಕ್ಕಾಗಿ ಅಣ್ಣನನ್ನು ಕೊಂದ ರಾಜ ನಾನು. ಅಣ್ಣನ ದೆವ್ವ ನನ್ನ ಗೆಳೆಯ ನಂಜೇಗೌಡ.

"ಸಾರ್, ದೆವ್ವ ನಿಜವಾಗಿ ಬರುತ್ತೋ, ಅದು ರಾಜನ ಭ್ರಮೆಯೋ?" ಎಂದು ಕೇಳಿದ್ದೆ.

"ಅದು ರಾಜನಿಗೇ ಗೊತ್ತಿಲ್ಲ ಕಣಯ್ಯ, ನಿನಗೆ ಹೇಗೆ ಗೊತ್ತಾಗುತ್ತೆ?" ಎಂದು ನಕ್ಕುಬಿಟ್ಟರು.

ಆ ಪಾತ್ರ ಮಾಡಲು ನನಗೆ ಅಳುಕಿತ್ತು. ಹಿಂದಿನ ವರ್ಷ ನಮ್ಮೂರು ಕೊಪ್ಪದ ಹತ್ತಿರದ ಕೆರೆಯಲ್ಲಿ ಈಜಲು ನಾನೂ ನನ್ನಣ್ಣ ಸಿದ್ದನೂ ಹೋಗಿದ್ದೆವು. ವಾಪಸ್ಸು ಬಂದದ್ದು ನಾನೊಬ್ಬನೇ. ಅಂದಿನಿಂದ ಅವ್ವ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ದುಃಖ ಇರಬೇಕು ಎಂದುಕೊಂಡಿದ್ದೆ.

ನಾಟಕ ಭಾನುವಾರ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ. ಮಗನ ವೇಷ ನೋಡಲೆಂದು ಅಪ್ಪ ಗಾಡಿ ಕಟ್ಟಿ ಅವ್ವನನ್ನೂ ಕರೆತಂದಿದ್ದ. ಪಟ್ಟ ಕಟ್ಟುವ ಹೊತ್ತಿಗೆ, ಮುಖಕ್ಕೆಲ್ಲ ವಿಭೂತಿ ಬಳಿದುಕೊಂಡ ನಂಜೇಗೌಡ ಬಂದು ನಿಂತ. ನಾನು ನಡುಗುತ್ತಾ, "ಅಣ್ಣಾ, ಯಾಕೆ ಬಂದೆ?" ಎಂದೆ.

ಮುಂದೆಯೇ ಕೂತಿದ್ದ ಅವ್ವ ಎದ್ದು ನಿಂತುಬಿಟ್ಟಳು.

"ಸಿದ್ದಾ, ದಿಟ ಯೋಳು ಮಗ. ಇವ್ನೇ ನಿನ್ನ ನೀರ್ಗೆ ತಳ್ಳುದ್ನಾ?"

ನನಗೆ ಬಾಯಿಪಾಠ ಮಾಡಿದ ಮಾತೆಲ್ಲ ಮರೆತುಹೋಯಿತು. ನಾನು ರಾಜನೋ, ಅವ್ವನ ಮಗನೋ, ಒಂದೂ ತಿಳಿಯಲಿಲ್ಲ. ನಾನು ತಳ್ಳಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ನನ್ನ ಕೈಗಳನ್ನೇ ನೋಡಿಕೊಂಡೆ.

ನಾಟಕದಲ್ಲಿ ದೆವ್ವಕ್ಕೆ ಮಾತೇ ಇರಲಿಲ್ಲ. ನಂಜೇಗೌಡ ಅವ್ವನ ಕಡೆ ತಿರುಗಿ, "ಇಲ್ಲ ಕಣವ್ವ. ಪಾಚಿ ಮ್ಯಾಲೆ ಕಾಲಿಟ್ಟೆ, ಜಾರೋಯ್ತು. ತಮ್ಮ ಕೈ ಚಾಚ್ದ, ನಂಗೇ ಸಿಗ್ನಿಲ್ಲ" ಎಂದ.

ಅವ್ವ ಕುಸಿದು ಕೂತು ಅಳತೊಡಗಿದಳು. ಹಿಂದಿದ್ದವರು ಇದೂ ನಾಟಕವೆಂದೇ ಚಪ್ಪಾಳೆ ತಟ್ಟಿದರು.

ಕೆರೆಯಲ್ಲಿ ನಡೆದದ್ದು ಹಾಗೆಯೇ. ಆದರೆ ಕೈ ಚಾಚಿದ್ದನ್ನು, ಹಿಡಿಯಲಾಗಲಿಲ್ಲವಲ್ಲ ಎಂಬ ಸಂಕಟಕ್ಕೆ, ನಾನು ಯಾರಿಗೂ ಹೇಳಿರಲಿಲ್ಲ. ಪರದೆ ಬಿದ್ದ ಮೇಲೆ ನಂಜೇಗೌಡನ ತೋಳು ಹಿಡಿದು, "ನಿಂಗ್ಯಾರ್ಲಾ ಯೋಳುದ್ರು?" ಎಂದೆ.

"ಯಾರೂ ಇಲ್ಲ ಕಣ್ಲಾ. ಬಾಯ್ಗೆ ಬಂತು, ಅಂದ್ಬುಟ್ಟೆ" ಎಂದ. ಅವನೂ ಬೆವೆತುಹೋಗಿದ್ದ.

ಸಂಜೆ ಗಾಡಿಯಲ್ಲಿ ಅವ್ವ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಉಂಡ್ಯಾ ಮಗ?" ಎಂದಳು. ಊರು ಸೇರುವವರೆಗೂ ನನ್ನ ಕೈ ಬಿಡಲಿಲ್ಲ. ಅವ್ವ ನನಗೆ ಮತ್ತೆ ಸಿಕ್ಕಳು ಎಂದು ಹಿಗ್ಗಬೇಕೋ, ವರ್ಷವೆಲ್ಲ ನನ್ನನ್ನು ಕೊಲೆಗಾರನೆಂದುಕೊಂಡೇ ಬಡಿಸಿದ್ದಳಲ್ಲ ಎಂದು ಅಳಬೇಕೋ ತಿಳಿಯಲಿಲ್ಲ. ಈಗ ಅವ್ವನೂ ಇಲ್ಲ, ನಂಜೇಗೌಡನೂ ಇಲ್ಲ. ನನಗಿನ್ನೂ ತಿಳಿದಿಲ್ಲ.